ಡ್ರೈಸೂಟ್ ನೇತುಹಾಕಬೇಕಾ, ಸುತ್ತಿಡಬೇಕಾ? ಇಡುವ, ತೊಳೆಯುವ, ರಿಪೇರಿ ಮಾಡುವ ದಾರಿಗಳ ಹೋಲಿಕೆ

ಡ್ರೈಸೂಟ್ ಅಂದರೆ ತಣ್ಣೀರಿಗೆ ಬಿದ್ದರೂ ಮೈ ಒದ್ದೆಯಾಗದಂತೆ ಮೇಲೆ ತೊಡುವ, ನೀರು ಒಳಬಿಡದ ಉಡುಪು. ಕಯಾಕ್ ಎಂಬ ಕಿರುದೋಣಿ ಓಡಿಸುವವರು ಮೊದಲ ಡ್ರೈಸೂಟ್ ಕೊಂಡ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹ್ಯಾಂಗರ್‌ಗೆ ನೇತುಹಾಕಬೇಕಾ, ಸುತ್ತಿ ಚೀಲದಲ್ಲಿ ಇಡಬೇಕಾ? ವಾಷಿಂಗ್ ಮೆಷಿನ್‌ಗೆ ಹಾಕಬಹುದಾ, ಕೈಯಲ್ಲೇ ತೊಳೆಯಬೇಕಾ? ಕುತ್ತಿಗೆಯ ಲ್ಯಾಟೆಕ್ಸ್ ಸೀಲ್‌ಗೆ, ಅಂದರೆ ನೀರು ಒಳಗೆ ಬಾರದಂತೆ ಚರ್ಮಕ್ಕೆ ಬಿಗಿಯಾಗಿ ಕೂರುವ ಪಟ್ಟಿಗೆ, ಏನಾದರೂ ಹಚ್ಚಬೇಕಾ? ಸೀಳಿದರೆ ನಾವೇ ಅಂಟಿಸಬಹುದಾ, ಸರ್ವಿಸ್‌ಗೆ ಕಳಿಸಬೇಕಾ? ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರವರ ಸೂಟ್‌ನ ಮಟ್ಟಿಗೆ ಅವರು ಹೇಳುವುದು ಸರಿಯೂ ಇರುತ್ತದೆ. ಆದರೆ ಹಿತ್ತಾಳೆ ಜಿಪ್ ಇರುವ ಸೂಟ್‌ಗೆ ಒಗ್ಗುವ ಮಾತು ಪ್ಲಾಸ್ಟಿಕ್ ಜಿಪ್‌ನ ಸೂಟ್‌ಗೆ ಒಗ್ಗುವುದಿಲ್ಲ. ಲ್ಯಾಟೆಕ್ಸ್ ಸೀಲ್‌ಗೆ ಮಾಡುವ ಆರೈಕೆ ನಿಯೊಪ್ರೀನ್ (ಸ್ಪಂಜಿನಂಥ ಕೃತಕ ರಬ್ಬರ್) ಸೀಲ್‌ಗೆ ಬೇಕಾಗಿಯೇ ಇಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ನಿಮ್ಮ ಸೂಟ್‌ನಲ್ಲಿ ಯಾವ ಭಾಗ ಮೊದಲು ಕೈಕೊಡುತ್ತದೆ ಅಂತ ನೋಡಿಕೊಳ್ಳಿ. ಆ ಭಾಗಕ್ಕೆ ಯಾವುದು ಒಳ್ಳೆಯದೋ ಅದನ್ನೇ ಆರಿಸಿ. ಬಟ್ಟೆ ಹೇಗೂ ಬಾಳಿಕೆ ಬರುತ್ತದೆ. ಬಹುಪಾಲು ಸೂಟ್‌ಗಳಲ್ಲಿ ಮೊದಲು ಹೋಗುವುದು ಕುತ್ತಿಗೆ, ಮಣಿಕಟ್ಟಿನ ಸೀಲ್. ಆಮೇಲೆ ಜಿಪ್. ಬಟ್ಟೆಯ ಸರದಿ ಬರುವುದು ಕೊನೆಗೆ. ಆದರೆ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬಟ್ಟೆಯ ಬಗ್ಗೆಯೇ, ಅಲ್ವಾ?

ಇದು ಬರೀ ದುಡ್ಡು ಉಳಿಸುವ ವಿಷಯವಲ್ಲ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಮಗುಚಿ ಬಿದ್ದರೆ ಮೊದಲ ಒಂದೆರಡು ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಡ್ರೈಸೂಟ್ ತಾನಾಗಿ ಮೈಯನ್ನು ಬೆಚ್ಚಗಿಡುವುದಿಲ್ಲ. ಒಳಗೆ ತೊಟ್ಟ ಉಣ್ಣೆ ಅಥವಾ ಫ್ಲೀಸ್ ಬಟ್ಟೆಯನ್ನು ಒಣಗಿದ ಹಾಗೇ ಉಳಿಸುವುದಷ್ಟೇ ಅದರ ಕೆಲಸ. ಆ ಹೊತ್ತಿನಲ್ಲಿ ಕುತ್ತಿಗೆಯ ಸೀಲ್ ಹರಿದರೆ ಸೂಟ್ ಹಾಕಿಕೊಂಡೂ ಪ್ರಯೋಜನವಿಲ್ಲ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಜಿಪ್. ನೀರು ತಡೆಯುವ ಜಿಪ್‌ನಲ್ಲಿ ಎರಡು ಬಗೆ. ಹಿತ್ತಾಳೆ ಹಲ್ಲಿನದು ಗಟ್ಟಿ, ಬಾಗುವುದು ಕಷ್ಟ. ಟಿಜಿಪ್‌ನಂಥ ಪ್ಲಾಸ್ಟಿಕ್ ಹಲ್ಲಿನದು ಹಗುರ, ಮೆತ್ತಗೆ ಬಾಗುತ್ತದೆ. ಇವೆರಡಕ್ಕೂ ಆಗದೇ ಇರುವುದು ಒಂದೇ: ಒಂದೇ ಜಾಗದಲ್ಲಿ ಚೂಪಾಗಿ ಮಡಚಿ, ಮೇಲೆ ಭಾರ ಹೇರುವುದು. ಹಿತ್ತಾಳೆ ಜಿಪ್ ಇದನ್ನು ಇನ್ನೂ ಕಡಿಮೆ ಸಹಿಸುತ್ತದೆ. ಒಂದೆರಡು ಹಲ್ಲು ಸಾಲಿನಿಂದ ಆಚೀಚೆ ಸರಿದರೆ ಸಾಕು, ಅಲ್ಲಿಂದ ನೀರು ಬರುತ್ತದೆ. ಜಿಪ್ ಬದಲಾಯಿಸುವುದು ಈ ಸೂಟ್‌ನ ರಿಪೇರಿಗಳಲ್ಲೇ ದುಬಾರಿ.

ಎರಡನೆಯದು ಸೀಲ್. ಲ್ಯಾಟೆಕ್ಸ್ ಅಂದರೆ ಹೆಚ್ಚಾಗಿ ನೈಸರ್ಗಿಕ ರಬ್ಬರ್. ಬಿಸಿಲು, ಓಝೋನ್, ಎಣ್ಣೆ, ಸನ್‌ಸ್ಕ್ರೀನ್, ಕಾವು, ತಾಮ್ರ ಇವೆಲ್ಲ ಅದಕ್ಕೆ ಶತ್ರುಗಳು. ಓಝೋನ್‌ನ ವಿಷಯದಲ್ಲಿ ಒಂದು ವಿಶೇಷ ಗಮನಿಸಿ. ರಬ್ಬರ್ ಸಡಿಲವಾಗಿ ಇದ್ದರೆ ಓಝೋನ್ ಅದನ್ನು ಅಷ್ಟಾಗಿ ಬಿರುಕುಬಿಡಿಸುವುದಿಲ್ಲ. ಎಳೆದ ಸ್ಥಿತಿಯಲ್ಲೋ ಮಡಚಿದ ಸ್ಥಿತಿಯಲ್ಲೋ ಇದ್ದರೆ ಆ ಎಳೆತದ ಗೆರೆಯಲ್ಲೇ ಬಿರುಕು ಹುಟ್ಟುತ್ತದೆ. ಹಾಗಾಗಿ ಸೀಲ್ ಮಡಿಕೆ ಇಲ್ಲದೆ, ಹಿಗ್ಗಿಸದೆ ಇರುವುದು ತಂಪು ಜಾಗದಲ್ಲಿರುವಷ್ಟೇ ಮುಖ್ಯ.

ಮೂರನೆಯದು ಗಾಳಿ. ಒದ್ದೆ ಸೂಟ್‌ನಲ್ಲಿ ಬೂಸ್ಟು ಬರುತ್ತದೆ, ವಾಸನೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ತೇವವೂ ಸೆಕೆಯೂ ಸೇರಿದಾಗ ಬಟ್ಟೆಯಲ್ಲಿ ನೀರು ತಡೆಯುವ ಪಾಲಿಯುರೆಥೇನ್ ಪದರ ನಿಧಾನವಾಗಿ ಒಡೆಯುತ್ತದೆ. ಹೊಲಿಗೆಯ ಮೇಲಿನ ಟೇಪ್ ಏಳುತ್ತದೆ. ಅದು ಒಮ್ಮೆ ಎದ್ದರೆ ಒಂದೇ ಜಾಗಕ್ಕೆ ನಿಲ್ಲುವುದಿಲ್ಲ.

ಉಳಿದದ್ದು ನಿಮಗೆ ಬಿಟ್ಟದ್ದು: ಮನೆಯಲ್ಲಿ ಎಷ್ಟು ಜಾಗ ಇದೆ, ವಾರಕ್ಕೊಮ್ಮೆ ಬಳಸುತ್ತೀರಾ ಇಲ್ಲ ವರ್ಷಕ್ಕೊಂದು ಋತು ಮಾತ್ರವಾ, ಓಡಿಸುವುದು ಸಮುದ್ರದಲ್ಲಾ ಹೊಳೆಯಲ್ಲಾ.

ಎಲ್ಲಿ, ಹೇಗೆ ಇಡುವುದು

*ಬೀರುವಿನಲ್ಲಿ ಹ್ಯಾಂಗರ್‌ಗೆ.* ಜಾಗ ಇದ್ದರೆ ಇದೇ ಒಳ್ಳೆಯದು. ಜಿಪ್ ನೆಟ್ಟಗಿರುತ್ತದೆ. ಕುತ್ತಿಗೆಯ ಸೀಲ್ ಮೇಲೆ ಯಾವ ಒತ್ತಡವೂ ಇಲ್ಲ. ಒಳಗೆಲ್ಲ ಗಾಳಿ ಆಡುತ್ತದೆ. ಆದರೆ ಹ್ಯಾಂಗರ್ ಅಗಲವಾದದ್ದಾಗಿರಬೇಕು, ಪ್ಲಾಸ್ಟಿಕ್ ಆದರೆ ಒಳ್ಳೆಯದು. ತೆಳು ತಂತಿಯ ಹ್ಯಾಂಗರ್ ಭುಜದ ಹೊಲಿಗೆಯ ಮೇಲೆ ಗೆರೆ ಬೀಳಿಸುತ್ತದೆ. ಬೆನ್ನಿನ ಮೇಲೆ ಭುಜದಿಂದ ಭುಜಕ್ಕೆ ಜಿಪ್ ಇರುವ ಸೂಟ್ ಆದರೆ ಕಿರಿದಾದ ಹ್ಯಾಂಗರ್‌ನಲ್ಲಿ ಜಿಪ್‌ನ ಎರಡೂ ತುದಿ ಜೋತುಬಿದ್ದು ಬಾಗುತ್ತವೆ. ಎದೆಯ ಮೇಲೆ ಓರೆಯಾಗಿ ಜಿಪ್ ಇರುವ ಸೂಟ್‌ಗೆ ಆ ತೊಂದರೆ ಇಲ್ಲ. ಬೀರುವಿಗೆ ಬಾಗಿಲು ಇಲ್ಲದಿದ್ದರೆ ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ಡ್ರೈಕ್ಲೀನಿಂಗ್‌ನವರು ಕೊಡುವ ಪ್ಲಾಸ್ಟಿಕ್ ಕವರ್ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ.

*ದಪ್ಪ ಕೋಲಿನ ಮೇಲೆ ಅರ್ಧಕ್ಕೆ ಮಡಚಿ.* ಬೀರು ಗಿಡ್ಡವಾಗಿದ್ದರೆ ಸೊಂಟದ ಹತ್ತಿರ ದಪ್ಪ ಕೊಳವೆಯ ಮೇಲೆ ಹಾಕಬಹುದು. ಕಾಲು ಒಂದು ಕಡೆ, ಎದೆ ಇನ್ನೊಂದು ಕಡೆ. ಭುಜದ ಮೇಲೆ ಭಾರ ಬೀಳುವುದಿಲ್ಲ. ಬೆನ್ನಿನ ಜಿಪ್‌ನ ಸೂಟ್‌ಗೆ ಇದು ಚೆನ್ನಾಗಿ ಒಪ್ಪುತ್ತದೆ. ಎದೆಯಿಂದ ಸೊಂಟದವರೆಗೆ ಇಳಿಯುವ ಜಿಪ್ ಆದರೆ ಅದರ ಕೆಳತುದಿ ಮಡಿಕೆಗೆ ಸಿಗುತ್ತದಾ ಅಂತ ಮೊದಲು ನೋಡಿ. ಸಿಗುವ ಹಾಗಿದ್ದರೆ ಈ ದಾರಿ ಬಿಡಿ.

*ಸಡಿಲವಾಗಿ ಸುತ್ತಿ ಡಬ್ಬದಲ್ಲಿ.* ಸಣ್ಣ ಮನೆಯವರಿಗೆ ಇದೇ ಗತಿ, ತಪ್ಪೇನಿಲ್ಲ. ಆರು ತಿಂಗಳು ಮುಟ್ಟದೆ ಇಡುವವರಿಗೂ ಇದು ಒಳ್ಳೆಯದೇ, ಯಾಕೆಂದರೆ ಡಬ್ಬದ ಒಳಗೆ ಕತ್ತಲು ಖಚಿತ. ಆದರೆ ಸುತ್ತುವ ರೀತಿ ಸರಿಯಾಗಿರಬೇಕು. ಸೂಟನ್ನು ಅಂಗಾತ ಹಾಸಿ. ಪಾದದಿಂದ ಶುರುಮಾಡಿ ಮೇಲಕ್ಕೆ ಸಡಿಲವಾಗಿ ಸುತ್ತುತ್ತಾ ಬನ್ನಿ. ಬೆನ್ನಿನ ಜಿಪ್ ಇದ್ದರೆ ಅದು ಸುರುಳಿಯ ಉದ್ದಕ್ಕೇ ನೇರವಾಗಿ ಬರುತ್ತದೆ, ಬಾಗುವ ಪ್ರಶ್ನೆಯೇ ಇಲ್ಲ. ಓರೆ ಜಿಪ್ ಆದರೆ ಸುರುಳಿಯನ್ನು ದಪ್ಪಗೆ, ದೊಡ್ಡ ಸುತ್ತಿನಲ್ಲಿ ಮಾಡಿ. ಒಳಗೆ ಒಂದು ಟವೆಲ್ ಸುರುಳಿ ಇಟ್ಟರೆ ಸುತ್ತು ತಾನಾಗಿ ದೊಡ್ಡದಾಗುತ್ತದೆ. ಕೊನೆಗೆ ತೋಳುಗಳನ್ನು ಮೇಲೆ ಸುಮ್ನೆ ಮಡಚಿ ಇಡಿ. ಕುತ್ತಿಗೆಯ ಸೀಲ್ ಎಲ್ಲದಕ್ಕಿಂತ ಮೇಲೆ, ದುಂಡಗೆ ತೆರೆದುಕೊಂಡು ಇರಲಿ. ಹಿತ್ತಾಳೆ ಜಿಪ್ ಲ್ಯಾಟೆಕ್ಸ್‌ಗೆ ತಾಗದ ಹಾಗೆ ನಡುವೆ ಒಂದು ಹತ್ತಿ ಬಟ್ಟೆ ಇಡಿ. ಹಿತ್ತಾಳೆಯಲ್ಲಿ ತಾಮ್ರ ಇದೆ. ತಿಂಗಳುಗಟ್ಟಲೆ ತಾಗಿಕೊಂಡಿದ್ದರೆ ರಬ್ಬರ್ ಮೇಲೆ ಕಂದು ಕಲೆ ಬಿದ್ದು, ಅಲ್ಲಿಂದಲೇ ರಬ್ಬರ್ ಕೆಡಲು ಶುರುವಾಗುತ್ತದೆ.

*ಸೂಟ್ ಜೊತೆ ಬಂದ ಚೀಲದಲ್ಲಿ.* ಹೊಳೆಯವರೆಗೆ ಒಯ್ಯಲು, ಪ್ರಯಾಣಕ್ಕೆ ಸರಿ. ಮನೆಯಲ್ಲಿ ಇಡಲು ಬೇಡ. ಆ ಚೀಲಗಳಲ್ಲಿ ಸೂಟ್ ಹಿಡಿಸಬೇಕಾದರೆ ಒತ್ತಿ ತುಂಬಲೇಬೇಕು. ಒತ್ತಿದರೆ ಜಿಪ್ ಎಲ್ಲೋ ಮುರಿದ ಹಾಗೆ ಮಡಚಿಕೊಳ್ಳುತ್ತದೆ.

*ಕಾರಿನ ಡಿಕ್ಕಿ, ಗ್ಯಾರೇಜ್, ತಾರಸಿ ಶೆಡ್.* ಡಿಕ್ಕಿಯಲ್ಲಿ ಕಾವು, ಗ್ಯಾರೇಜ್‌ನಲ್ಲಿ ಪೆಟ್ರೋಲ್ ಆವಿ ಮತ್ತು ಹೊಗೆ. ಓಡುವ ಎಲೆಕ್ಟ್ರಿಕ್ ಮೋಟರ್‌ನ ಕಿಡಿಯಿಂದ ಓಝೋನ್ ಹುಟ್ಟುತ್ತದೆ. ಕಂಪ್ರೆಸರ್, ಪಂಪ್, ಹಳೆಯ ಫ್ರಿಜ್ ಇರುವ ಮೂಲೆ ಲ್ಯಾಟೆಕ್ಸ್‌ಗೆ ಆಗುವುದಿಲ್ಲ. ಬೇರೆ ಜಾಗವೇ ಇಲ್ಲ ಅಂತಾದರೆ ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ, ಸೂಟ್ ಪೂರ್ತಿ ಒಣಗಿದ ಮೇಲೆ ಮಾತ್ರ, ಮೋಟರ್‌ನಿಂದ ದೂರ ಇಡಿ. ನಾನಾದರೆ ಮಲಗುವ ಕೋಣೆಯ ಮಂಚದ ಕೆಳಗೆ ಜಾಗ ಮಾಡಿಕೊಳ್ಳುತ್ತೇನೆ.

ಜಿಪ್ ತೆರೆದಿಡಬೇಕಾ, ಮುಚ್ಚಿಡಬೇಕಾ ಅನ್ನುವುದು ಜಿಪ್‌ನ ಬಗೆಗೆ ತಕ್ಕಂತೆ ಬದಲಾಗುತ್ತದೆ. ಸೂಟ್ ಜೊತೆ ಬಂದ ಕಾಗದದಲ್ಲಿ ಇದನ್ನು ಬರೆದಿರುತ್ತಾರೆ, ಅದರಂತೆ ನಡೆಯಿರಿ.

ಒಣಗಿಸುವುದು

ಇಡುವ ದಾರಿ ಯಾವುದೇ ಆಗಲಿ, ಸೂಟ್ ಒದ್ದೆಯಿದ್ದರೆ ಎಲ್ಲವೂ ವ್ಯರ್ಥ. ಹೊರಗಡೆ ಒಣಗಿದೆ ಅಂತ ಕೈಗೆ ಅನ್ನಿಸಿದಾಗಲೂ ಒಳಗೆ ಬೆವರಿನ ತೇವ ಇರುತ್ತದೆ. ಮೊದಲು ಹೊರಗಿನ ಮುಖ ಒಣಗಿಸಿ, ಆಮೇಲೆ ಒಳಗನ್ನು ಹೊರಗೆ ತಿರುಗಿಸಿ ಮತ್ತೆ ಒಣಗಿಸಿ. ಎರಡೂ ಸಲ ನೆರಳಿನಲ್ಲೇ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಅಷ್ಟೇ ಬೇಗ ಸೀಲ್‌ನ ಆಯಸ್ಸೂ ಕಡಿಮೆಯಾಗುತ್ತದೆ. ಹೀಟರ್ ಮುಂದೆ ಇಡುವುದೂ ಬೇಡ, ಡ್ರೈಯರ್ ಮೆಷಿನ್ ಅಂತೂ ಬೇಡವೇ ಬೇಡ.

ಕೊನೆಗೆ ಒಣಗುವುದು ಸೂಟ್‌ಗೇ ಕೂಡಿಕೊಂಡಿರುವ ಸಾಕ್ಸ್. ಬೆರಳ ತುದಿಯಲ್ಲಿ ಒಂದು ಚಮಚ ನೀರು ಹಾಗೇ ಕೂತಿರುತ್ತದೆ. ಇದಕ್ಕೆ ಮೂರು ದಾರಿ ಇವೆ. ಪುಕ್ಕಟೆಯದು, ಒಣ ಟವೆಲ್ ಅಥವಾ ಹಳೆಯ ಪೇಪರ್ ಉಂಡೆ ತುರುಕಿ ಒಂದೆರಡು ಸಲ ಬದಲಾಯಿಸುವುದು. ಎರಡನೆಯದು ಟೇಬಲ್ ಫ್ಯಾನ್‌ನ ಗಾಳಿ ಜಿಪ್‌ನ ಬಾಯಿಯಿಂದ ಒಳಗೆ ಹೋಗುವಂತೆ ಇಡುವುದು, ಬಿಸಿ ಇಲ್ಲದ ಗಾಳಿ. ಮೂರನೆಯದು ಕೊಳವೆಯಿಂದ ಕಾಲಿನವರೆಗೆ ಗಾಳಿ ಕಳಿಸುವ ಡ್ರೈಯರ್ ಹ್ಯಾಂಗರ್. ವಾರಕ್ಕೆ ಎರಡು ಸಲ ನೀರಿಗೆ ಇಳಿಯುವವರಿಗೆ ಮೂರನೆಯದಕ್ಕೆ ಹಾಕಿದ ದುಡ್ಡು ದಂಡವಲ್ಲ. ತಿಂಗಳಿಗೊಮ್ಮೆ ಇಳಿಯುವವರಿಗೆ ಫ್ಯಾನ್ ಸಾಕು.

ಸೀಲ್: ಯಾವುದಕ್ಕೆ ಎಷ್ಟು ಆರೈಕೆ

ಹೊಸ ಸೂಟ್ ಆರಿಸುವವರಿಗೂ ಈ ಭಾಗ ಉಪಯೋಗ. ಯಾಕೆಂದರೆ ಸೀಲ್ ಆರಿಸುವುದು ಅಂದರೆ ಅದರ ಜೊತೆಗೆ ಬರುವ ಕೆಲಸವನ್ನೂ ಆರಿಸಿದಂತೆ.

ಲ್ಯಾಟೆಕ್ಸ್ ಚರ್ಮಕ್ಕೆ ಅಂಟಿಕೊಂಡು ಕೂರುತ್ತದೆ. ನೀರು ತಡೆಯುವುದರಲ್ಲಿ ಅದಕ್ಕೆ ಸಮ ಸಿಗುವುದು ಕಷ್ಟ. ಹರಿದರೆ ಮನೆಯಲ್ಲೇ ಬದಲಾಯಿಸಬಹುದು, ಬೆಲೆಯೂ ಕಡಿಮೆ. ಆದರೆ ಚೆನ್ನಾಗಿ ನೋಡಿಕೊಂಡರೂ ಅದು ಕೆಲವೇ ವರ್ಷದ ಮಾಲು. ಲ್ಯಾಟೆಕ್ಸ್ ಅಲರ್ಜಿ ಇರುವವರು ಇದನ್ನು ತೊಡುವಂತೆಯೇ ಇಲ್ಲ.

ಸಿಲಿಕೋನ್‌ಗೆ ಬಿಸಿಲೂ ಓಝೋನೂ ಸನ್‌ಸ್ಕ್ರೀನೂ ಅಷ್ಟಾಗಿ ಏನೂ ಮಾಡುವುದಿಲ್ಲ. ಮೆತ್ತಗೆ, ಹಿತವಾಗಿ ಇರುತ್ತದೆ. ಆದರೆ ಉಗುರು ತಾಗಿ ಸಣ್ಣ ಗಾಯವಾದರೂ ಅಲ್ಲಿಂದ ಸರ್ರನೆ ಸೀಳಿಬಿಡುತ್ತದೆ. ಮಾಮೂಲಿ ಅಂಟು ಅದಕ್ಕೆ ಹಿಡಿಯುವುದೂ ಇಲ್ಲ. ಉಂಗುರ ಕೂಡಿಸಿ ಬದಲಾಯಿಸುವ ವ್ಯವಸ್ಥೆ ಸೂಟ್‌ನಲ್ಲಿ ಇದ್ದರೆ ಮಾತ್ರ ಸುಲಭ.

ನಿಯೊಪ್ರೀನ್ ಗಟ್ಟಿಮುಟ್ಟು. ಕುತ್ತಿಗೆ ಹಿಡಿದ ಹಾಗೆ ಅನ್ನಿಸುವುದಿಲ್ಲ. ಆರೈಕೆ ಅಂದರೆ ತೊಳೆದು ಒಣಗಿಸುವುದು, ಅಷ್ಟೇ. ಆದರೆ ಸ್ವಲ್ಪ ನೀರು ಜಿನುಗುತ್ತದೆ. ಅಪರೂಪಕ್ಕೆ ಮಗುಚುವವರಿಗೆ, ಲ್ಯಾಟೆಕ್ಸ್ ಬಿಗಿತ ಆಗದವರಿಗೆ ಇದು ಸಾಕು. ದಿನವಿಡೀ ರೋಲ್ (ಮಗುಚಿದ ಕಯಾಕನ್ನು ಒಳಗೆ ಕೂತೇ ಮತ್ತೆ ಮೇಲಕ್ಕೆ ತಿರುಗಿಸುವುದು) ಅಭ್ಯಾಸ ಮಾಡುವವರಿಗೆ, ಕೊರೆಯುವ ನೀರಿನಲ್ಲಿ ಒಬ್ಬರೇ ಹೋಗುವವರಿಗೆ ಸಾಲದು.

ಲ್ಯಾಟೆಕ್ಸ್ ಕೆಟ್ಟಿದೆಯಾ ಅಂತ ತಿಳಿಯಲು ಕಿಟಕಿಯ ಬೆಳಕಿಗೆ ಹಿಡಿದು ಎರಡು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಅಂಚಿನಲ್ಲಿ, ಮಡಿಕೆ ಬಿದ್ದ ಗೆರೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ಬಾಯಿಬಿಟ್ಟರೆ ಅದು ಬಿಸಿಲು ಅಥವಾ ಓಝೋನ್‌ನ ಕೆಲಸ. ಮುಟ್ಟಿದರೆ ಬೆರಳಿಗೆ ಅಂಟುವ ಹಾಗಿದ್ದು, ಎಳೆದರೆ ಸ್ವಸ್ಥಾನಕ್ಕೆ ಮರಳದೆ ಜೋಲುತ್ತಿದ್ದರೆ ಅದು ಎಣ್ಣೆ, ಸನ್‌ಸ್ಕ್ರೀನ್ ಇಲ್ಲವೇ ಕಾವು. ಮೊದಲನೆಯದಾದರೆ ಇಡುವ ಜಾಗ ಬದಲಾಯಿಸಿ. ಎರಡನೆಯದಾದರೆ ನಿಮ್ಮ ಕೈಗೆ, ಕುತ್ತಿಗೆಗೆ ಏನು ಹಚ್ಚುತ್ತೀರಿ ಅಂತ ಯೋಚಿಸಿ. ಹೇಗೇ ಕೆಟ್ಟಿರಲಿ, ಆ ಸೀಲ್‌ನ ಕಾಲ ಮುಗಿಯಿತು. ಯಾವ ದ್ರವ ಹಚ್ಚಿದರೂ ಬಿರುಕು ಕೂಡಿಕೊಳ್ಳುವುದಿಲ್ಲ.

ಹಚ್ಚುವ ವಿಷಯಕ್ಕೆ ಬಂದರೆ, 303 ಪ್ರೊಟೆಕ್ಟಂಟ್‌ನಂಥ ದ್ರವವನ್ನು ಶುಚಿಯಾದ, ಒಣಗಿದ ಲ್ಯಾಟೆಕ್ಸ್‌ಗೆ ತೆಳುವಾಗಿ ಸವರಿ ಒರೆಸಿಬಿಡಬೇಕು. ಬಿಸಿಲಿನಿಂದ ಕಾಪಾಡುವುದು ಅದರ ಕೆಲಸ. ಋತುವಿನಲ್ಲಿ ಕೆಲವು ಸಲ ಹಚ್ಚಿದರೆ ಸಾಕು. ಸುವಾಸನೆ ಇಲ್ಲದ ಟಾಲ್ಕಂ ಪೌಡರ್ ಬೇರೆ ಕೆಲಸಕ್ಕೆ: ಇಟ್ಟಾಗ ರಬ್ಬರ್ ರಬ್ಬರ್‌ಗೆ ಅಂಟದಿರಲು, ತೊಡುವಾಗ ಕೈ ಸುಲಭವಾಗಿ ಜಾರಲು. ಒಂದು ಇನ್ನೊಂದಕ್ಕೆ ಬದಲಿ ಅಲ್ಲ. ದುಡ್ಡು ಕಡಿಮೆ ಇದ್ದರೆ ಪೌಡರ್ ಇರಲಿ, ಕತ್ತಲಲ್ಲಿ ಇಡುವ ಅಭ್ಯಾಸ ಇರಲಿ. ವ್ಯಾಸಲಿನ್, ಅಡುಗೆ ಎಣ್ಣೆ ಯಾವತ್ತೂ ಬೇಡ, ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೊಳ್ಳೆ ಔಷಧಿ ಹಚ್ಚಿದ ಕೈಯಿಂದಲೂ ಸೀಲ್ ಎಳೆಯಬೇಡಿ.

ಹೊಸ ಸೀಲ್ ಬಿಗಿ ಅನ್ನಿಸಿದರೆ ಕತ್ತರಿ ತೆಗೆಯುವ ಮೊದಲು ಒಂದು ರಾತ್ರಿ ನಯವಾದ ಪಾತ್ರೆಗೋ ಡಬ್ಬಕ್ಕೋ ಹಾಕಿ ಹಿಗ್ಗಿಸಿ ನೋಡಿ. ಕತ್ತರಿಸಲೇಬೇಕಾದರೆ ಹರಿತವಾದ ಕತ್ತರಿಯಿಂದ ಒಂದೊಂದೇ ಗೆರೆ, ನಡುವೆ ನಿಲ್ಲಿಸದೆ. ಅಂಚಿನಲ್ಲಿ ಒಂದು ಸಣ್ಣ ಹಲ್ಲು ಬಿದ್ದರೂ ಸೀಳು ಶುರುವಾಗುವುದು ಅಲ್ಲಿಂದಲೇ.

ಜಿಪ್‌ಗೆ ಮೇಣವಾ, ಗ್ರೀಸಾ

ಇಲ್ಲಿ ಗೊಂದಲ ಜಾಸ್ತಿ, ಉತ್ತರ ಮಾತ್ರ ಚಿಕ್ಕದು. ಹಿತ್ತಾಳೆ ಜಿಪ್‌ಗೆ ಮೇಣ: ಪ್ಯಾರಾಫಿನ್ ಅಥವಾ ಜೇನುಮೇಣ, ಹಲ್ಲುಗಳ ಹೊರಮೈಗೆ ಉಜ್ಜಿ. ಟಿಜಿಪ್ ಬಗೆಯ ಪ್ಲಾಸ್ಟಿಕ್ ಜಿಪ್‌ಗೆ ಸಿಲಿಕೋನ್ ಗ್ರೀಸ್, ಅದೂ ಮುಖ್ಯವಾಗಿ ಎಳೆಬಿಲ್ಲೆ ಬಂದು ಕೂರುವ ಕೊನೆಯ ಗೂಡಿಗೆ ಒಂದು ತೊಟ್ಟು. ಸಿಲಿಕೋನ್ ಸ್ಪ್ರೇಯನ್ನು ಸೂಟ್‌ನ ಮೇಲೆಲ್ಲ ಹೊಡೆಯಬೇಡಿ. ಮುಂದೆ ಅಲ್ಲಿ ಅಂಟು ಹಚ್ಚಬೇಕಾಗಿ ಬಂದರೆ ಸಿಲಿಕೋನ್ ತಾಗಿದ ಜಾಗಕ್ಕೆ ಅಂಟು ಹಿಡಿಯುವುದಿಲ್ಲ. ಮೇಣವೋ ಗ್ರೀಸೋ ಹಚ್ಚುವ ಮೊದಲು ಹಳೆಯ ಟೂತ್‌ಬ್ರಷ್‌ನಿಂದ ಮರಳು ತೆಗೆಯಿರಿ. ಮರಳಿನ ಮೇಲೆ ಗ್ರೀಸ್ ಹಚ್ಚಿದರೆ ಹಲ್ಲು ಸವೆಯುತ್ತದೆ.

ನೀರಿಗೆ ಇಳಿಯುವ ಮುಂಚೆ ಜಿಪ್ ಕೊನೆಯವರೆಗೂ ಹೋಗಿ ಕೂತಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಬೆನ್ನಿನ ಜಿಪ್ ಆದರೆ ಜೊತೆಯವರಿಗೆ ನೋಡಲು ಹೇಳಿ. ಅರ್ಧ ಸೆಂಟಿಮೀಟರ್ ಬಾಯಿ ತೆರೆದಿದ್ದರೂ ಸೂಟ್ ತುಂಬುತ್ತದೆ.

ತೊಳೆಯುವುದು

ಸಮುದ್ರದವರಿಗೆ ಆಯ್ಕೆಯೇ ಇಲ್ಲ, ಪ್ರತಿ ಸಲವೂ ಸಿಹಿನೀರಿನಲ್ಲಿ ಜಾಲಿಸಬೇಕು. ಉಪ್ಪು ಒಣಗಿ ಹರಳಾದರೆ ಜಿಪ್‌ನ ಹಲ್ಲಿನ ನಡುವೆಯೂ ಬಟ್ಟೆಯ ನೇಯ್ಗೆಯಲ್ಲೂ ಮರಳಿನ ಹಾಗೆ ಉಜ್ಜುತ್ತದೆ. ಹೊಳೆಯಲ್ಲಿ ಓಡಿಸುವವರು ಕೆಸರು, ಮರಳು ಹೋಗುವಷ್ಟು ತೊಳೆದರೆ ಸಾಕು.

ಸೋಪು ಹಾಕಿ ತೊಳೆಯುವುದು ಬೇರೆ ಮಾತು. ಉಸಿರಾಡುವ ಬಟ್ಟೆಯ ಒಳಗೆ ತೆಳು ಪೊರೆ ಇರುತ್ತದೆ. 1969ರಲ್ಲಿ ಬಾಬ್ ಗೋರ್ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಜಗ್ಗಿ ಹಿಗ್ಗಿಸಿದಾಗ ಸಿಕ್ಕಿದ್ದು ಇದೇ ಪೊರೆ, ಗೋರ್‌ಟೆಕ್ಸ್‌ನ ಮೂಲ. ಅದರ ರಂಧ್ರಗಳಲ್ಲಿ ಬೆವರಿನ ಆವಿ ಹೊರಗೆ ಹೋಗುತ್ತದೆ, ನೀರ ಹನಿ ಒಳಗೆ ಬರುವುದಿಲ್ಲ. ಮೈಯ ಎಣ್ಣೆ, ಸನ್‌ಸ್ಕ್ರೀನ್ ಮೆತ್ತಿಕೊಂಡರೆ ಬಟ್ಟೆಯ ಉಸಿರು ಕಟ್ಟುತ್ತದೆ. ವಾಸನೆ ಬಂದಾಗ, ಹೊರಮೈ ನೀರು ಕುಡಿಯಲು ಶುರುಮಾಡಿದಾಗ ಸೋಪಿನಲ್ಲಿ ತೊಳೆಯಲೇಬೇಕು.

ಬಕೆಟ್ ಅಥವಾ ಟಬ್‌ನಲ್ಲಿ ಕೈಯಿಂದ ತೊಳೆಯುವುದು ಯಾವ ಸೂಟ್‌ಗೂ ಅಪಾಯವಿಲ್ಲದ ದಾರಿ. ಜಿಪ್ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆಯಿರಿ. ಮೇಲಿನಿಂದ ಬಟ್ಟೆ ಹಾಕುವ, ನಡುವೆ ತಿರುಗುವ ಕಂಬ ಇರುವ ಮೆಷಿನ್ ಬೇಡ, ಅದು ತೋಳು ಕಾಲುಗಳನ್ನು ಹೆಣೆದು ಸೀಲ್ ಎಳೆದುಬಿಡುತ್ತದೆ. ಮುಂಬಾಗಿಲಿನ ಮೆಷಿನ್‌ಗೆ ಕೆಲವು ಸೂಟ್‌ಗಳ ಲೇಬಲ್‌ನಲ್ಲಿ ಅನುಮತಿ ಇರುತ್ತದೆ. ಇದ್ದರೆ ತಣ್ಣೀರು, ನಿಧಾನ ಸುತ್ತು, ಸ್ಪಿನ್ ಇಲ್ಲದೆ. ಲೇಬಲ್‌ನಲ್ಲಿ ಇಲ್ಲದಿದ್ದರೆ ಕೈಯೇ ಗತಿ.

ಸೋಪಿನಲ್ಲಿ ನಿಕ್‌ವ್ಯಾಕ್ಸ್ ಟೆಕ್ ವಾಶ್‌ನಂಥವು ಬಟ್ಟೆಯಲ್ಲಿ ಏನನ್ನೂ ಉಳಿಸುವುದಿಲ್ಲ. ಮಾಮೂಲಿ ಡಿಟರ್ಜೆಂಟ್ ಅಗ್ಗ, ಆದರೆ ಅದರ ಪದರ ಉಳಿದು ಹೊರಮೈ ನೀರು ಹೀರಲು ಶುರುಮಾಡುತ್ತದೆ. ಅದನ್ನೇ ಬಳಸುವುದಾದರೆ ಬಣ್ಣ, ಸುವಾಸನೆ ಇಲ್ಲದ ದ್ರವವನ್ನು ಸ್ವಲ್ಪವೇ ಹಾಕಿ, ನೊರೆ ಪೂರ್ತಿ ಹೋಗುವ ತನಕ ಜಾಲಿಸಿ. ಬಟ್ಟೆ ಮೆತ್ತಗಾಗಿಸುವ ದ್ರವ, ಬ್ಲೀಚ್, ಡ್ರೈಕ್ಲೀನಿಂಗ್ ಮೂರೂ ಬೇಡ.

ಹೊರಮೈಯಲ್ಲಿ ನೀರು ಮುತ್ತಿನಂತೆ ಉರುಳದೆ ಕಪ್ಪಗೆ ಹರಡಿಕೊಂಡರೆ ಸೂಟ್ ಸೋರುತ್ತಿದೆ ಅಂತಲ್ಲ, ನೀರು ದೂಡುವ ಲೇಪ ಸವೆದಿದೆ ಅಂತ. ಮೊದಲು ತೊಳೆದು ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಸ್ಪ್ರೇ ಮಾಡುವ ಲೇಪ ಆರಿಸಿ, ನೀರಿಗೆ ಬೆರೆಸಿ ನೆನೆಸುವುದು ಬೇಡ. ನೆನೆಸುವ ಲೇಪ ಒಳಮೈಗೂ ಸೀಲ್‌ಗೂ ಹತ್ತುತ್ತದೆ. ಸ್ಪ್ರೇ ಮಾಡುವಾಗ ಸೀಲ್‌ಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಈಚೆಗೆ ಬರುತ್ತಿರುವ ಫ್ಲೋರಿನ್ ರಾಸಾಯನಿಕ ಇಲ್ಲದ ಲೇಪಗಳು ಪರಿಸರಕ್ಕೆ ಒಳ್ಳೆಯವು, ಆದರೆ ಎಣ್ಣೆ ಜಿಡ್ಡನ್ನು ಅಷ್ಟಾಗಿ ತಡೆಯುವುದಿಲ್ಲ. ಅಂಥ ಸೂಟ್ ಇದ್ದರೆ ಸೋಪಿನ ಸ್ನಾನ ಸ್ವಲ್ಪ ಬೇಗ ಬೇಗ ಬೇಕು.

ಸೋರಿಕೆ ಹುಡುಕುವುದು, ಸರಿ ಮಾಡುವುದು

ಮೊದಲು ಅದು ಸೋರಿಕೆಯೇ ಹೌದಾ ಅಂತ ನೋಡಿ. ಬೆವರು ಬೆನ್ನು, ಎದೆ ಎಲ್ಲ ಕಡೆ ಸಮನಾಗಿ ಹರಡಿರುತ್ತದೆ. ಸೋರಿಕೆ ಒಂದೇ ಕಡೆ ಇರುತ್ತದೆ: ಒಂದು ಮೊಣಕಾಲು, ಒಂದು ಕಾಲಿನ ಸಾಕ್ಸ್, ಒಂದು ತೋಳು. ಒಳಗೆ ತಿಳಿ ಬಣ್ಣದ ತೆಳು ಬಟ್ಟೆ ತೊಟ್ಟು, ಸುಸ್ತಾಗದೆ ಐದು ನಿಮಿಷ ನೀರಿನಲ್ಲಿ ನಿಂತು ಬಂದರೆ ಗೊತ್ತಾಗುತ್ತದೆ.

ರಂಧ್ರ ಹುಡುಕಲು ಮೂರು ದಾರಿ. ಮಣಿಕಟ್ಟಿಗೆ ಬಾಟಲಿ, ಕುತ್ತಿಗೆಗೆ ಚೆಂಡು ತುರುಕಿ, ಜಿಪ್ ಹಾಕಿ, ಸೂಟ್ ಒಳಗೆ ಗಾಳಿ ತುಂಬಿಸಿ ಹೊರಗೆ ಸೋಪು ನೀರು ಸವರಿ. ಗುಳ್ಳೆ ಬಂದಲ್ಲಿ ರಂಧ್ರ. ಸೀಲ್, ಹೊಲಿಗೆ, ಜಿಪ್ ಮೂರನ್ನೂ ಒಂದೇ ಸಲ ನೋಡಲು ಇದೇ ಚೆನ್ನ. ಬರೀ ಸಾಕ್ಸ್ ಬಗ್ಗೆ ಸಂಶಯ ಇದ್ದರೆ ಒಳಗೆ ನೀರು ಸುರಿದು ಹೊರಗೆ ನೋಡುವುದು ಬೇಗ, ಆದರೆ ಒಣಗಿಸುವ ಕೆಲಸ ಹೆಚ್ಚುತ್ತದೆ. ಗೋರ್‌ಟೆಕ್ಸ್ ಬಟ್ಟೆಯಲ್ಲಿ ಸೂಜಿ ಮೊನೆಯಷ್ಟು ರಂಧ್ರವಾದರೆ ಒಳಮೈಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ. ರಂಧ್ರ ಇದ್ದಲ್ಲಿ ಗಾಢ ಚುಕ್ಕೆ ಕಾಣುತ್ತದೆ. ಬೆಂಕಿ ಇಲ್ಲದ, ಗಾಳಿ ಆಡುವ ಜಾಗದಲ್ಲಿ ಮಾಡಿ.

ಸಣ್ಣ ರಂಧ್ರಕ್ಕೆ ಅಕ್ವಾಸೀಲ್‌ನಂಥ ಯುರೆಥೇನ್ ಅಂಟು ಒಂದು ಹನಿ, ಒಳಗಿನಿಂದ. ಒಂದು ದಿನ ಮುಟ್ಟದೆ ಬಿಡಿ. ಇದಕ್ಕೆ ಸೂಟನ್ನು ಎಲ್ಲಿಗೂ ಕಳಿಸುವುದು ಬೇಕಿಲ್ಲ. ಮಣಿಕಟ್ಟಿನ ಸೀಲ್ ಬದಲಾಯಿಸುವುದೂ ಮನೆಯಲ್ಲೇ ಆಗುತ್ತದೆ. ಒಳಗೆ ಹಿಗ್ಗಿಸಿ ಹಿಡಿಯಲು ನಯವಾದ ಬಾಟಲಿ, ಅಂಟು, ತಾಳ್ಮೆ ಇದ್ದರೆ ಸಾಕು. ಕುತ್ತಿಗೆಯ ಸೀಲ್ ಸ್ವಲ್ಪ ಕಷ್ಟ. ಸುತ್ತಳತೆ ದೊಡ್ಡದು, ಒಂದು ಸುಕ್ಕು ಬಿದ್ದರೂ ಅಲ್ಲಿ ನೀರಿಗೆ ದಾರಿಯಾಗುತ್ತದೆ. ಕೈ ಪಳಗಲಿ ಅಂತ ಮಣಿಕಟ್ಟಿನಿಂದ ಶುರುಮಾಡಿ.

ಸರ್ವಿಸ್‌ಗೆ ಕಳಿಸಬೇಕಾದದ್ದು ಎರಡು: ಜಿಪ್ ಬದಲಾಯಿಸುವುದು, ಮತ್ತು ಪೊರೆ ಬಟ್ಟೆಯಿಂದ ಬಿಟ್ಟುಕೊಂಡು ಗುಳ್ಳೆ ಎದ್ದಿರುವುದು. ಎರಡನೆಯದು ವಾರಂಟಿಗೂ ಬರಬಹುದು, ಬಿಲ್ ಹುಡುಕಿಟ್ಟುಕೊಳ್ಳಿ. ಕಳಿಸುವ ಮೊದಲು ತೊಳೆದು ಒಣಗಿಸಿ, ಸೋರುವ ಜಾಗಕ್ಕೆ ಗುರುತು ಹಾಕಿ. ಋತು ಮುಗಿದ ಕೂಡಲೇ ಕಳಿಸಿದರೆ ವಾರಗಟ್ಟಲೆ ಕಾಯುವುದು ಹೊರೆಯಾಗುವುದಿಲ್ಲ.

ನಿಮ್ಮ ಪರಿಸ್ಥಿತಿ ಯಾವುದು

ವಾರವಾರ ಸಮುದ್ರಕ್ಕೆ ಹೋಗುವವರು: ಹ್ಯಾಂಗರ್, ಫ್ಯಾನ್ ಅಥವಾ ಡ್ರೈಯರ್ ಹ್ಯಾಂಗರ್, ಪ್ರತಿ ಸಲ ಸಿಹಿನೀರು, ಲ್ಯಾಟೆಕ್ಸ್ ಆದರೆ ಹಚ್ಚುವ ದ್ರವ. ಒಂದು ಜೊತೆ ಮಣಿಕಟ್ಟಿನ ಸೀಲ್, ಒಂದು ಕುತ್ತಿಗೆ ಸೀಲ್ ಮನೆಯಲ್ಲಿ ಕತ್ತಲಲ್ಲಿ ಇಟ್ಟಿರಿ.

ಚಳಿಗಾಲಕ್ಕೆ ಮಾತ್ರ ತೆಗೆಯುವವರು: ತೊಳೆದು, ಎರಡೂ ಮುಖ ಒಣಗಿಸಿ, ಪೌಡರ್ ಹಾಕಿ, ಸಡಿಲವಾಗಿ ಸುತ್ತಿ ಡಬ್ಬಕ್ಕೆ. ನಡುವೆ ಒಂದೆರಡು ಸಲ ತೆಗೆದು ಗಾಳಿಗೆ ಹರಡಿ, ಬೇರೆ ರೀತಿ ಸುತ್ತಿ. ಅದೇ ಗೆರೆಯಲ್ಲಿ ಮಡಿಕೆ ಕೂರುವುದಿಲ್ಲ. ಋತು ಶುರುವಾಗುವ ವಾರಗಟ್ಟಲೆ ಮುಂಚೆ ಸೀಲ್ ಎಳೆದು ನೋಡಿ, ಹೊರಡುವ ಹಿಂದಿನ ರಾತ್ರಿ ಅಲ್ಲ.

ಕೈಯಲ್ಲಿ ದುಡ್ಡು ಕಡಿಮೆ ಇರುವವರು: ಫ್ಯಾನ್, ಹತ್ತಿ ಶೀಟ್, ಪೌಡರ್, ಜಿಪ್‌ಗೆ ತಕ್ಕ ಮೇಣ ಅಥವಾ ಗ್ರೀಸ್, ಒಂದು ಟ್ಯೂಬ್ ಅಂಟು. ಇಷ್ಟರಲ್ಲಿ ಮುಕ್ಕಾಲು ಪಾಲು ಆರೈಕೆ ಮುಗಿಯುತ್ತದೆ. ಲೇಪದ ಸ್ಪ್ರೇ, ಡ್ರೈಯರ್ ಹ್ಯಾಂಗರ್ ಆಮೇಲೆ ಕೊಂಡರಾಯಿತು.

ಒಂದೇ ಸೂಟನ್ನು ಹಲವರು ಹಂಚಿಕೊಳ್ಳುವ ಕಡೆ ಲ್ಯಾಟೆಕ್ಸ್‌ಗಿಂತ ನಿಯೊಪ್ರೀನ್ ಕುತ್ತಿಗೆ ಮೇಲು, ನೀರು ಕೊರೆಯುವಷ್ಟು ತಣ್ಣಗಿಲ್ಲದಿದ್ದರೆ. ಎಲ್ಲರೂ ಉಂಗುರ, ಗಡಿಯಾರ ತೆಗೆದು, ಸನ್‌ಸ್ಕ್ರೀನ್ ಹಚ್ಚಿದ ಕೈ ತೊಳೆದು ಸೂಟ್ ತೊಡುತ್ತಾರೆ ಅಂತ ನಂಬಿ ಕೂರಲು ಆಗುವುದಿಲ್ಲ. ನಿಯೊಪ್ರೀನ್ ಅಷ್ಟನ್ನು ತಡೆದುಕೊಳ್ಳುತ್ತದೆ.